ಸರ್ಜನ್ ಪ್ರಯೋಗಾಲಯಕ್ಕೆ ಏಕೆ ಹೋಗಬೇಕು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಆವರಣದಲ್ಲೇ ಸ್ನಾತಕೋತ್ತರ ವೈದ್ಯಕೀಯ ಶಾಲೆ ಹಾಗೂ 800ಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಕಟ್ಟುವುದಾಗಿ 2022ರಲ್ಲಿ ಪ್ರಕಟಿಸಿದಾಗ, ಎಂಡಿ, ಎಂಎಸ್ ಜೊತೆಗೇ ಪಿಎಚ್‌ಡಿಯನ್ನೂ ಮಾಡುವ ವೈದ್ಯರನ್ನು ತಯಾರು ಮಾಡುವ ಉದ್ದೇಶವನ್ನು ಹೇಳಿತ್ತು. ರೋಗಿಗಳ ಸಾಲು ಆಸ್ಪತ್ರೆಯ ಬಾಗಿಲಾಚೆಗೂ ಬೆಳೆದಿರುವ ದೇಶದಲ್ಲಿ ಸರ್ಜನ್ ಒಬ್ಬರು ಆಪರೇಷನ್ ಥಿಯೇಟರ್ ಬಿಟ್ಟು ವರ್ಷಗಟ್ಟಲೆ ಇಲಿಗಳ ಜೊತೆ ಕಳೆಯುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ. ರಕ್ತನಾಳದ ಕಾಯಿಲೆಗಳ ಮಟ್ಟಿಗೆ ಸರಿ ಎಂದೇ ನನ್ನ ಉತ್ತರ. ಈ ಕ್ಷೇತ್ರದ ದೊಡ್ಡ ಹೆಜ್ಜೆಗಳಲ್ಲಿ ಹಲವನ್ನು ಇಟ್ಟವರು ಎರಡೂ ಕೆಲಸ ಬಲ್ಲವರು.

1947ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ವೂರ್ಹೀಸ್ ಎಂಬ ತರುಣ ಸರ್ಜನ್ ತರಬೇತಿಯ ನಡುವೆ ಪ್ರಾಣಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ನಾಯಿಯೊಂದರ ಹೃದಯಕ್ಕೆ ಹಾಕಿದ ರೇಷ್ಮೆ ಹೊಲಿಗೆ ಜಾಗ ತಪ್ಪಿ ಹೃದಯದ ಕೋಣೆಯೊಳಗೇ ಹಾದುಹೋಗಿತ್ತು. ತಿಂಗಳುಗಳ ಬಳಿಕ ಆ ಹೃದಯವನ್ನು ತೆರೆದಾಗ ದಾರದ ಮೇಲೆ ರಕ್ತ ಹೆಪ್ಪುಗಟ್ಟಿರಲಿಲ್ಲ. ಹೃದಯದ ಒಳಪದರದಂತೆಯೇ ಹೊಳೆಯುವ ತೆಳುಪೊರೆ ಅದನ್ನು ಮುಚ್ಚಿತ್ತು. ಉಬ್ಬಿ ಒಡೆಯುವ ಮಹಾಪಧಮನಿಗೆ ಕೂಡಿಸಲು ಒಳ್ಳೆಯ ಬದಲಿ ನಾಳವೇ ಇಲ್ಲದ ಕಾಲ ಅದು. ಆ ಕೊರತೆಯನ್ನು ಬಲ್ಲ ವೂರ್ಹೀಸ್‌ಗೆ, ಒಂದು ದಾರವನ್ನು ದೇಹ ಹೀಗೆ ಮುಚ್ಚುವುದಾದರೆ ದಾರದಿಂದ ನೇಯ್ದ ಬಟ್ಟೆಯ ಕೊಳವೆಯನ್ನೂ ಮುಚ್ಚಬೇಕಲ್ಲ ಎನ್ನಿಸಿತು. ವಿನಿಯಾನ್-ಎನ್ ಎಂಬ ಕೃತಕ ನೂಲಿನ ಬಟ್ಟೆಯಿಂದ ನಾಳ ಹೊಲಿದು ನಾಯಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 1952ರಲ್ಲಿ ಹೊರಬಂತು; 1954ರ ಹೊತ್ತಿಗೆ ಮನುಷ್ಯರಲ್ಲಿನ ಬಳಕೆಯ ವರದಿಯೂ ಬಂತು. ಇಂದಿನ ಡೇಕ್ರಾನ್ ಬಟ್ಟೆಯ ನಾಳಗಳು ಅದೇ ದಾರಿಯಲ್ಲಿ ಬಂದವು. ಇದನ್ನು ಅದೃಷ್ಟ ಎನ್ನುವವರಿದ್ದಾರೆ. ಆದರೆ ಆ ಅದೃಷ್ಟ ಒದಗಿದ್ದು ಹೊಲಿದದ್ದನ್ನು ತಿಂಗಳುಗಳ ಬಳಿಕ ಮತ್ತೆ ತೆರೆದು ನೋಡಲು ಬಿಡುವಿದ್ದ ಸರ್ಜನ್‌ಗೆ.

ಮುಚ್ಚಿದ ಅಪಧಮನಿಯನ್ನು ತುಕ್ಕು ಹಿಡಿದ ನಲ್ಲಿಯ ಕೊಳವೆಗೆ ಹೋಲಿಸುವುದು ರೂಢಿ. ಆ ಹೋಲಿಕೆ ಅರ್ಧದಲ್ಲೇ ಕೈಕೊಡುತ್ತದೆ. ಕೊಳವೆಯನ್ನು ಉಜ್ಜಿದರೆ ಅದು ಸುಮ್ಮನಿರುತ್ತದೆ. ಅಪಧಮನಿಯನ್ನು ಬಲೂನಿನಿಂದ ಹಿಗ್ಗಿಸಿದರೆ, ಅಥವಾ ಅಭಿಧಮನಿಯ ತುಂಡನ್ನು ಬೈಪಾಸ್ ಆಗಿ ಹೊಲಿದರೆ, ಗಾಯಗೊಂಡ ಗೋಡೆ ತಾನೇ ಬೆಳೆಯತೊಡಗುತ್ತದೆ. ಗೋಡೆಯ ಸ್ನಾಯುಕೋಶಗಳು ಹೆಚ್ಚಿ, ಒಳಕ್ಕೆ ಸರಿದು, ದಾರಿಯನ್ನು ಮತ್ತೆ ಕಿರಿದಾಗಿಸುತ್ತವೆ. ಇದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಮುಖ್ಯರು ಅಲೆಕ್ಸಾಂಡರ್ ಕ್ಲೌಸ್. ಮುಂದೆ ಸಿಯಾಟಲ್‌ನಲ್ಲಿ ರಕ್ತನಾಳ ಸರ್ಜನ್ ಆಗಿ ಹೆಸರಾದ ಅವರು, ಹಾರ್ವರ್ಡ್‌ನ ಮೋರಿಸ್ ಕಾರ್ನೋವ್ಸ್ಕಿ ಜೊತೆ ಸೇರಿ, ಇಲಿಯ ಗಾಯಗೊಂಡ ಅಪಧಮನಿಯಲ್ಲಿ ಹೆಪಾರಿನ್ ಎಂಬ ಔಷಧ ಈ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆಂದು 1977ರಲ್ಲೇ ತೋರಿಸಿದ್ದರು. ಮನುಷ್ಯರಲ್ಲಿ ಹೆಪಾರಿನ್ ಆ ಭರವಸೆಯನ್ನು ಉಳಿಸಿಕೊಳ್ಳಲಿಲ್ಲ. ಇಲಿಯ ಫಲಿತಾಂಶವನ್ನೇ ಚಿಕಿತ್ಸೆಯೆಂದು ಸಾರುವ ಸುದ್ದಿಗಳನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ.

ಸರ್ಜನ್ ಕತ್ತರಿಸಲಿ, ವಿಜ್ಞಾನಿ ಯೋಚಿಸಲಿ, ಇಬ್ಬರೂ ಕೂಡಿ ಕೆಲಸ ಮಾಡಿದರೆ ಸಾಲದೇ ಎಂಬುದು ಬಲವಾದ ಆಕ್ಷೇಪ. ಕೂಡಿ ಮಾಡಲೇಬೇಕು, ಇಂದಿನ ಜೀವಕೋಶ ವಿಜ್ಞಾನ ಒಬ್ಬರ ತಲೆಗೆ ನಿಲುಕುವಂಥದ್ದಲ್ಲ. ಆದರೂ ಇಬ್ಬರ ಭಾಷೆಯನ್ನೂ ಬಲ್ಲ ಒಬ್ಬರು ನಡುವೆ ಇರಬೇಕು. ಎಡಿಫೊಲಿಗೈಡ್ ಎಂಬ ಔಷಧದ ಕಥೆ ನೋಡಿ. ಬೈಪಾಸ್‌ಗೆ ತೆಗೆದ ಅಭಿಧಮನಿಯನ್ನು ಹೊಲಿಯುವ ಮೊದಲು ಈ ಔಷಧದಲ್ಲಿ ನೆನೆಸಿದರೆ ಕೋಶಗಳ ಬೆಳವಣಿಗೆ ನಿಲ್ಲುತ್ತದೆ ಎಂದು ಪ್ರಾಣಿಗಳ ಪ್ರಯೋಗ ಹೇಳಿತ್ತು. ಕಾಲು ಕಳೆದುಕೊಳ್ಳುವ ಅಪಾಯದಲ್ಲಿದ್ದ 1,404 ರೋಗಿಗಳ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು: ಪ್ರಯೋಜನವಿಲ್ಲ. ಔಷಧ ತಯಾರಿಸಿದ ಕಂಪನಿಯ ಪಾಲಿಗೆ ಕಥೆ ಅಲ್ಲಿಗೆ ಮುಗಿಯಿತು. ಪರೀಕ್ಷೆ ನಡೆಸಿದ ಸರ್ಜನ್‌ಗಳಿಗೆ ಅದು ಮುಗಿಯಲಿಲ್ಲ. ಅದೇ ದಾಖಲೆಗಳನ್ನು ಮತ್ತೆ ಜಾಲಾಡಿ, 3 ಮಿಲಿಮೀಟರಿಗಿಂತ ಸಣ್ಣ ಅಭಿಧಮನಿಗಳೇ ಹೆಚ್ಚಾಗಿ ಕೈಕೊಡುತ್ತವೆ ಎಂದು ತೋರಿಸಿದರು. ಹೊಲಿಯುವಾಗ ಬೆರಳಿಗೆ ತಿಳಿಯುವ ಸಂಗತಿಯನ್ನು ಅಂಕಿಗಳಲ್ಲಿ ಹುಡುಕಬೇಕೆಂದು ಹೊಳೆಯುವುದು ಹೊಲಿದವರಿಗೆ.

ವರ್ಷಗಟ್ಟಲೆ ಥಿಯೇಟರ್‌ನಿಂದ ದೂರವಿದ್ದರೆ ಕೈಚಳಕ ಹೋಗುತ್ತದೆ ಎಂಬ ಭಯವೂ ಸುಳ್ಳಲ್ಲ. ಅಮೆರಿಕದಲ್ಲಿ ಅನೇಕರು ತರಬೇತಿಯ ಮಧ್ಯದಲ್ಲಿ ಎರಡು ವರ್ಷ ಪ್ರಯೋಗಾಲಯಕ್ಕೆ ಹೋಗಿ, ಮತ್ತೆ ಶಸ್ತ್ರಚಿಕಿತ್ಸೆಗೆ ಮರಳುವ ಏರ್ಪಾಡು ಇರುವುದರಿಂದ ಈ ನಷ್ಟ ತುಂಬಿಬರುತ್ತದೆ. ಹೆಚ್ಚು ಕಷ್ಟವಾದದ್ದು ನಂತರದ ಘಟ್ಟ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎಳೆಯ ವೈದ್ಯ-ವಿಜ್ಞಾನಿಗಳಿಗೆ ಕೊಡುವ ಅನುದಾನಕ್ಕೆ ಕೆಲಸದ ಸಮಯದ ಶೇಕಡ 75ರಷ್ಟು ಸಂಶೋಧನೆಗೇ ಮೀಸಲಿರಬೇಕೆಂಬ ಷರತ್ತು ಇದೆ; ಸರ್ಜನ್‌ಗಳಿಗೆ ಶೇಕಡ 50ಕ್ಕೆ ಇಳಿಸಲು ಅವಕಾಶವಿದೆ. ಹಣದಷ್ಟೇ ಈ ಷರತ್ತಿಗೂ ಬೆಲೆಯಿದೆ, ಏಕೆಂದರೆ ಯಾವ ಆಸ್ಪತ್ರೆಯೂ ನುರಿತ ಸರ್ಜನ್‌ರ ಸಮಯವನ್ನು ತಾನಾಗಿ ಬಿಟ್ಟುಕೊಡುವುದಿಲ್ಲ. ನಮ್ಮಲ್ಲಿ ಎಂಎಸ್ ವಿದ್ಯಾರ್ಥಿ ವಾರ್ಡಿನ ಡ್ಯೂಟಿಯ ಸಂದಿಯಲ್ಲೇ ಪ್ರಬಂಧ ಮುಗಿಸಬೇಕು. ಪಿಎಚ್‌ಡಿ ಪಡೆದ ಸರ್ಜನ್‌ಗಳು ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೊರಬಂದರೂ, ಅವರನ್ನು ನೇಮಿಸಿಕೊಳ್ಳುವ ಆಸ್ಪತ್ರೆಗಳು ವಾರದ ಅರ್ಧವನ್ನು ಪ್ರಯೋಗಾಲಯಕ್ಕೆಂದು ನೇಮಕಪತ್ರದಲ್ಲೇ ಬರೆದು ಕೊಡದಿದ್ದರೆ ಅವರೂ ಉಳಿದವರಂತೆ ಆಪರೇಷನ್ ಪಟ್ಟಿಯಲ್ಲೇ ದಿನ ಕಳೆಯುತ್ತಾರೆ.