ಎಡಭಾಗದ ಹೃದಯ ವೈಫಲ್ಯ: ಸಾರ್ವಜನಿಕರಿಗೆ ಮಾಹಿತಿ

ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರಾತ್ರಿ ಮಲಗಿದಾಗ ಉಸಿರು ಕಟ್ಟುವುದನ್ನು ದಮ್ಮು ಅಥವಾ ವಯಸ್ಸಿನ ಆಯಾಸವೆಂದು ಭಾವಿಸಿ ಹಲವರು ತಿಂಗಳುಗಟ್ಟಲೆ ಮನೆಯಲ್ಲೇ ಉಳಿಯುತ್ತಾರೆ. ಇಂತಹವರಲ್ಲಿ ಕೆಲವರ ತೊಂದರೆಯ ಮೂಲ ಹೃದಯದಲ್ಲಿರುತ್ತದೆ. ಸಕಾಲದಲ್ಲಿ ಪತ್ತೆಯಾದರೆ ಇದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಲಭ್ಯವಿದೆ.

1. ಕಾಯಿಲೆ ಎಂದರೇನು?

ಹೃದಯದ ಎಡಭಾಗವು ಶ್ವಾಸಕೋಶದಿಂದ ಬರುವ ಆಮ್ಲಜನಕಯುಕ್ತ ರಕ್ತವನ್ನು ಇಡೀ ದೇಹಕ್ಕೆ ಪಂಪು ಮಾಡುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇದರ ಪ್ರಮಾಣ ನಿಮಿಷಕ್ಕೆ ಸುಮಾರು 5 ಲೀಟರ್. ಎಡ ಹೃತ್ಕುಕ್ಷಿಯ ಸ್ನಾಯು ದುರ್ಬಲಗೊಂಡು ರಕ್ತವನ್ನು ಸಾಕಷ್ಟು ಹೊರದೂಡಲಾಗದಿದ್ದಾಗ, ಅಥವಾ ಸ್ನಾಯು ಪೆಡಸಾಗಿ ರಕ್ತ ಸರಿಯಾಗಿ ತುಂಬಿಕೊಳ್ಳದಿದ್ದಾಗ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ ಅಲ್ಲಿ ನೀರು ಜಿನುಗುತ್ತದೆ. ಮುಂದಿನ ಕಾಲುವೆ ಕಟ್ಟಿಕೊಂಡರೆ ಹಿಂದಿನ ಹೊಲದಲ್ಲಿ ನೀರು ನಿಲ್ಲುವಂತೆ ಇದನ್ನು ತಿಳಿಯಬಹುದು.

ವೈಫಲ್ಯ ಎಂದರೆ ಹೃದಯವು ನಿಂತಿದೆ ಎಂದಲ್ಲ. ಅದರ ಸಾಮರ್ಥ್ಯ ಕುಗ್ಗಿದೆ ಎಂದರ್ಥ. ಹೃದಯಾಘಾತವು ಬೇರೆ. ಅದರಲ್ಲಿ ಹೃದಯಕ್ಕೆ ರಕ್ತ ಒದಗಿಸುವ ನಾಳವು ಹಠಾತ್ತನೆ ಮುಚ್ಚಿಕೊಳ್ಳುತ್ತದೆ.

2. ಲಕ್ಷಣಗಳು

ಅ) ನಡೆಯುವಾಗ, ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು.
ಆ) ಚಪ್ಪಟೆಯಾಗಿ ಮಲಗಲಾಗದೆ ಎರಡು ಮೂರು ದಿಂಬು ಬೇಕಾಗುವುದು.
ಇ) ನಿದ್ರೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುವುದು, ರಾತ್ರಿ ಕೆಮ್ಮು.
ಈ) ಅತಿಯಾದ ಸುಸ್ತು, ಕಾಯಿಲೆ ಮುಂದುವರಿದಂತೆ ಪಾದಗಳಲ್ಲಿ ಬಾವು.

3. ಕಾರಣಗಳು

ಹಿಂದೆ ಆಗಿರುವ ಹೃದಯಾಘಾತ, ಬಹುಕಾಲದ ಅಧಿಕ ರಕ್ತದೊತ್ತಡ, ಮಧುಮೇಹ ಮತ್ತು ಅತಿಯಾದ ಮದ್ಯಪಾನ ಮುಖ್ಯ ಕಾರಣಗಳು. ಬಾಲ್ಯದಲ್ಲಿ ಬಂದ ಸಂಧಿವಾತ ಜ್ವರದಿಂದ ಹೃದಯದ ಕವಾಟಗಳು ಕೆಟ್ಟಿದ್ದರೆ ಕಿರಿಯ ವಯಸ್ಸಿನವರಲ್ಲಿಯೂ ಇದು ಕಾಣಿಸಬಹುದು. ಗರ್ಭಾವಸ್ಥೆಯ ಕೊನೆಯ ತಿಂಗಳಲ್ಲಿ ಅಥವಾ ಹೆರಿಗೆಯ ನಂತರದ ತಿಂಗಳುಗಳಲ್ಲಿ ಕೆಲವು ಮಹಿಳೆಯರಿಗೆ ಹೃದಯದ ಸ್ನಾಯು ದುರ್ಬಲವಾಗುವುದುಂಟು. ಆದುದರಿಂದ ಬಾಣಂತಿಯ ಉಬ್ಬಸವನ್ನು ನಿಶ್ಶಕ್ತಿಯೆಂದು ಕಡೆಗಣಿಸಬಾರದು.

4. ತಪಾಸಣೆ ಮತ್ತು ಚಿಕಿತ್ಸೆ

ಇಸಿಜಿ, ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಮತ್ತು ಎಕೋ ಪರೀಕ್ಷೆಗಳಿಂದ ಕಾಯಿಲೆಯನ್ನು ಗುರುತಿಸಲಾಗುತ್ತದೆ. ಎಕೋ ವರದಿಯಲ್ಲಿ ಇ.ಎಫ್. ಎಂಬ ಅಂಕಿಯಿರುತ್ತದೆ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಭಾಗ ಪ್ರತಿ ಬಡಿತಕ್ಕೆ ಹೊರಹೋಗುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಶೇ. 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಪಂಪಿನ ಶಕ್ತಿ ಕುಗ್ಗಿದೆಯೆಂದು ಪರಿಗಣಿಸಲಾಗುತ್ತದೆ. ಅಂಕಿಯು ಶೇ. 50ಕ್ಕಿಂತ ಹೆಚ್ಚಿದ್ದರೂ ಸ್ನಾಯು ಪೆಡಸಾದವರಲ್ಲಿ ಕಾಯಿಲೆ ಇರಬಹುದು.

ಮೂತ್ರದ ಮೂಲಕ ನೀರನ್ನು ಹೊರಹಾಕುವ ಮಾತ್ರೆಯಿಂದ ಉಸಿರಾಟ ಬೇಗನೆ ಹಗುರವಾಗುತ್ತದೆ. ಆದರೆ ಹೃದಯವನ್ನು ರಕ್ಷಿಸುವ ಇತರ ಮಾತ್ರೆಗಳನ್ನು ದೀರ್ಘಕಾಲ ಸೇವಿಸಬೇಕಾಗುತ್ತದೆ. ಡಾಪಾಗ್ಲಿಫ್ಲೋಜಿನ್‌ನಂತಹ ಮಧುಮೇಹದ ಮಾತ್ರೆಯನ್ನು ಮಧುಮೇಹವಿಲ್ಲದವರಿಗೂ ನೀಡುವುದುಂಟು, ಇದರಿಂದ ಗೊಂದಲಪಡಬೇಕಾಗಿಲ್ಲ. ಗುಣವಾಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯವಿರುತ್ತದೆ.

5. ರೋಗಿಗಳು ಪಾಲಿಸಬೇಕಾದ ಕ್ರಮಗಳು

ಅ) ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮತ್ತು ಚಟ್ನಿಪುಡಿಗಳನ್ನು ಮಿತಗೊಳಿಸತಕ್ಕದ್ದು.
ಆ) ಪ್ರತಿದಿನ ಬೆಳಿಗ್ಗೆ ತೂಕ ನೋಡಿ ಬರೆದಿಡತಕ್ಕದ್ದು. 3 ದಿನಗಳಲ್ಲಿ 2 ಕಿ.ಗ್ರಾಂ.ಗಿಂತ ಹೆಚ್ಚಾದರೆ ವೈದ್ಯರನ್ನು ಕಾಣತಕ್ಕದ್ದು.
ಇ) ಮೊಣಕಾಲು, ಸೊಂಟದ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಇವು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತವೆ.
ಈ) ತಂಬಾಕು ಮತ್ತು ಮದ್ಯವನ್ನು ತ್ಯಜಿಸತಕ್ಕದ್ದು.

6. ಸೇವೆ ಪಡೆಯುವ ವಿಧಾನ

ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಕಲಘಟಗಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು. ಹೆಚ್ಚಿನ ಚಿಕಿತ್ಸೆಗಾಗಿ ಧಾರವಾಡದ ಜಿಲ್ಲಾ ಆಸ್ಪತ್ರೆ ಹಾಗೂ ಜನರು ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ಸೌಲಭ್ಯವಿದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ತರತಕ್ಕದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಶಿಫಾರಸು ಪತ್ರ ಪಡೆಯಬೇಕು. ತುರ್ತು ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ.

ಕುಳಿತಲ್ಲೇ ಉಸಿರು ಕಟ್ಟುವುದು, ನಸುಗೆಂಪು ನೊರೆಯ ಕಫ, ಎದೆನೋವು ಅಥವಾ ಪ್ರಜ್ಞೆ ತಪ್ಪುವುದು ಕಂಡುಬಂದಲ್ಲಿ ರೋಗಿಯನ್ನು ಮಲಗಿಸದೆ ಒರಗಿಸಿ ಕೂರಿಸಿ (ಪ್ರಜ್ಞೆ ತಪ್ಪಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ), ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಆಂಬುಲೆನ್ಸ್ ಸೇವೆ ಉಚಿತವಾಗಿರುತ್ತದೆ. ಆರೋಗ್ಯ ಸಲಹೆಗೆ 104 ಸಹಾಯವಾಣಿಯನ್ನು ಸಂಪರ್ಕಿಸಬಹುದಾಗಿದೆ. ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.