ಹ್ಯಾಮ್‌ಸ್ಟರ್ ತಿನಿಸಿನ ಪೊಟ್ಟಣ: ಗಾತ್ರದ ಲೆಕ್ಕ, ಲೇಬಲ್ಲಿನ ವಿವರ

ಸಾಕುಪ್ರಾಣಿಗಳ ಆಹಾರ ಮಾರುವ ಅಂಗಡಿಗಳ ಕಪಾಟಿನಲ್ಲಿ ನಾಯಿ, ಬೆಕ್ಕು ಮತ್ತು ಮೀನುಗಳ ಆಹಾರದ ಪಕ್ಕದಲ್ಲಿ ಹ್ಯಾಮ್‌ಸ್ಟರ್‌ಗಳ ತಿನಿಸುಗಳೂ ಸ್ಥಾನ ಪಡೆದಿವೆ. ಹ್ಯಾಮ್‌ಸ್ಟರ್ ಎಂಬುದು ಇಲಿಯನ್ನು ಹೋಲುವ, ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಂಡು ಹೋಗಿ ಗೂಡಿನಲ್ಲಿ ಕೂಡಿಡುವ ಪುಟ್ಟ ಪ್ರಾಣಿ. ಸಿರಿಯನ್ ತಳಿಯು ಸುಮಾರು 100ರಿಂದ 150 ಗ್ರಾಂ ತೂಗುತ್ತದೆ. ಆಯುಸ್ಸು ಎರಡರಿಂದ ಮೂರು ವರ್ಷ.

ಪೊಟ್ಟಣದ ಆಯ್ಕೆಗೆ ಈ ಅಂಕಿಗಳೇ ಆಧಾರ. ಈ ಪ್ರಾಣಿಯ ದಿನದ ಆಹಾರ ಸುಮಾರು 10 ಗ್ರಾಂ. ಅದರಲ್ಲಿ ತಿನಿಸಿನ ಪಾಲು ಶೇ. 5 ಎಂದಿಟ್ಟುಕೊಂಡರೆ ದಿನಕ್ಕೆ ಅರ್ಧ ಗ್ರಾಂ. ಅಂದರೆ 50 ಗ್ರಾಂ ಪೊಟ್ಟಣ 100 ದಿನಕ್ಕೆ ಸಾಕು. 500 ಗ್ರಾಂ ಪೊಟ್ಟಣವಾದರೋ 1,000 ದಿನ, ಅರ್ಥಾತ್ ಪ್ರಾಣಿಯ ಇಡೀ ಆಯುಸ್ಸಿಗೆ ಬರುತ್ತದೆ! ಎಣ್ಣೆಯಂಶವುಳ್ಳ ಬೀಜಗಳು ತೆರೆದ ಪೊಟ್ಟಣದಲ್ಲಿ ಅಷ್ಟು ಕಾಲ ಕೆಡದೆ ಉಳಿಯುವುದಿಲ್ಲ. ಪೊಟ್ಟಣದ ಮೇಲೆ ಪ್ರತಿ ಗ್ರಾಂ ಬೆಲೆಯನ್ನು ನಮೂದಿಸುವ ನಿಯಮ ಜಾರಿಗೆ ಬಂದ ಮೇಲೆ ದೊಡ್ಡ ಪೊಟ್ಟಣವೇ ಅಗ್ಗವೆಂದು ಗ್ರಾಹಕನಿಗೆ ತೋರುವುದು ಸಹಜ. ಆದರೆ ಮುಕ್ಕಾಲು ಪಾಲು ಕಸದ ಬುಟ್ಟಿಗೆ ಹೋಗುವುದಾದರೆ ಆ ಅಗ್ಗಕ್ಕೆ ಅರ್ಥವಿಲ್ಲ.

ವರ್ತಕನ ಲೆಕ್ಕವೂ ಇದೇ. ನಿಧಾನವಾಗಿ ಮಾರಾಟವಾಗುವ ಸರಕಿನ ಹತ್ತು ಬಗೆಗಳನ್ನು ದಾಸ್ತಾನು ಮಾಡಿ, ಅವಧಿ ಮೀರಿದ ನಂತರ ನಾಶಪಡಿಸಿದಲ್ಲಿ ಕೊಂಡ ಬೆಲೆಯಷ್ಟೇ ನಷ್ಟವಲ್ಲ. ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಕಲಮಿನಂತೆ ಆ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನೂ ಹಿಂದಿರುಗಿಸಬೇಕಾಗುತ್ತದೆ.

ಇನ್ನು ಪೊಟ್ಟಣದ ಒಳಗಿನ ವಸ್ತು. ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಘಟಕಗಳ ಪಟ್ಟಿಯೇ ಮುಖ್ಯ. ಅಮೆರಿಕ ಮತ್ತು ಯುರೋಪಿನ ಲೇಬಲ್ಲುಗಳಲ್ಲಿ ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದರಿಂದ, ಮೊದಲ ಮೂರು ಹೆಸರುಗಳಲ್ಲಿ ಸಕ್ಕರೆ, ಜೇನು ಅಥವಾ ಕಾಕಂಬಿ ಕಂಡುಬಂದರೆ ಅದನ್ನು ಬಿಡುವುದೇ ಲೇಸು. ಕುಬ್ಜ ತಳಿಗಳಲ್ಲಿ, ವಿಶೇಷವಾಗಿ ಕ್ಯಾಂಪ್‌ಬೆಲ್ ತಳಿಯಲ್ಲಿ, ಮಧುಮೇಹದ ಪ್ರವೃತ್ತಿ ಇದೆ. ಮೊಸರಿನ ಹೆಸರಿನಲ್ಲಿ ಬರುವ ಗುಂಡುಗಳು ಬಹುತೇಕ ಸಕ್ಕರೆ ಮತ್ತು ಕೊಬ್ಬು. ಅಂಟುವ ತಿನಿಸು ಕೆನ್ನೆಯ ಚೀಲಕ್ಕೆ ಕಚ್ಚಿಕೊಂಡು ಗಾಯವಾಗಬಹುದು. ಸೂರ್ಯಕಾಂತಿ ಬೀಜದ ತಿರುಳಿನ ಅರ್ಧದಷ್ಟು ಕೊಬ್ಬೇ ಆದುದರಿಂದ ಒಂದೆರಡು ಬೀಜ ಸಾಕು. ಒಣಗಿಸಿದ ಸೊಪ್ಪು, ಓಟ್ಸ್ ತೆನೆ, ನವಣೆ ತೆನೆ ಇವು ಆಕ್ಷೇಪವಿಲ್ಲದ ಆಯ್ಕೆಗಳು. ನವಣೆಯಂತೂ ನಮ್ಮ ಮಾರುಕಟ್ಟೆಗೆ ಹೊಸದೇನಲ್ಲ.

ಕಾನೂನು ಮಾಪನಶಾಸ್ತ್ರ ಕಾಯಿದೆ, 2009ರ 18ನೇ ಕಲಮು ಪೊಟ್ಟಣ ತಯಾರಿಸಿದವನನ್ನು ಮಾತ್ರವಲ್ಲ, ಮಾರಾಟಕ್ಕಿಟ್ಟುಕೊಂಡವನನ್ನೂ ಹೊಣೆಗಾರನನ್ನಾಗಿಸುತ್ತದೆ. ಆಮದಾದ ಪೊಟ್ಟಣದ ಮೇಲೆ ಆಮದುದಾರನ ಹೆಸರು-ವಿಳಾಸ, ಮೂಲ ದೇಶ, ನಿವ್ವಳ ತೂಕ ಮತ್ತು ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ ಇಲ್ಲದಿದ್ದಲ್ಲಿ ಅದನ್ನು ಅಂಗಡಿಗೆ ಸೇರಿಸದಿರುವುದೇ ಕ್ಷೇಮ. ಆಹಾರ ಸುರಕ್ಷತಾ ಕಾಯಿದೆ, 2006ರ ವ್ಯಾಖ್ಯೆಯು ಪಶು ಆಹಾರವನ್ನು ಹೊರಗಿಟ್ಟಿರುವುದರಿಂದ ಮನುಷ್ಯರ ತಿಂಡಿ ಪೊಟ್ಟಣದ ಮೇಲಿರುವ ಭರವಸೆಯನ್ನು ಇಲ್ಲಿ ನಿರೀಕ್ಷಿಸಲಾಗದು. ಬಳಕೆಯ ಅವಧಿಯನ್ನು ಕೊಳ್ಳುವವನೇ ಹುಡುಕಿ ನೋಡಿಕೊಳ್ಳಬೇಕು.

ದೊಡ್ಡ ಚೀಲ ಬಿಚ್ಚಿ 50 ಗ್ರಾಂ ಪೊಟ್ಟಣಗಳನ್ನು ಕಟ್ಟಿಡುವ ಅಂಗಡಿಯವರು ತಾವೂ ಕಾನೂನಿನ ದೃಷ್ಟಿಯಲ್ಲಿ ಪ್ಯಾಕರ್ ಆಗುತ್ತಾರೆಂಬುದನ್ನು ಮರೆಯುವುದುಂಟು. 2011ರ ಪೊಟ್ಟಣ ಸರಕುಗಳ ನಿಯಮಗಳಲ್ಲಿ 27ನೇ ನಿಯಮದಂತೆ 90 ದಿನಗಳೊಳಗೆ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು. ಗ್ರಾಹಕನ ಎದುರೇ ತೂಗಿ ಕೊಡುವ ಬಿಡಿ ಮಾರಾಟಕ್ಕೆ ಈ ತೊಡಕಿಲ್ಲ.

ತೆರಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಚಿಲ್ಲರೆ ಪೊಟ್ಟಣದ ನಾಯಿ-ಬೆಕ್ಕಿನ ಆಹಾರಕ್ಕೆ ಶೇ. 18 ದರ ನಿಗದಿಯಾಯಿತು; ಜಾನುವಾರು, ಕೋಳಿ ಮತ್ತು ಜಲಚರಗಳ ಮೇವಿಗೆ ವಿನಾಯಿತಿ ದೊರೆಯಿತು. ಹ್ಯಾಮ್‌ಸ್ಟರ್‌ನ ಹೆಸರು ಈ ಎರಡರಲ್ಲಿಯೂ ಇರಲಿಲ್ಲ. ಪಶು ಆಹಾರವೆಂಬ ಒಂದೇ ಕಾರಣಕ್ಕೆ ತೆರಿಗೆಯಿಲ್ಲವೆಂದು ಭಾವಿಸಿ ಬಿಲ್ಲು ಬರೆಯುವ ಮೊದಲು ಸರಬರಾಜುದಾರರ ಇನ್‌ವಾಯ್ಸ್‌ನಲ್ಲಿರುವ ಎಚ್‌ಎಸ್‌ಎನ್ ಸಂಕೇತ ಮತ್ತು ದರವನ್ನು ಪ್ರಚಲಿತ ಅಧಿಸೂಚನೆಯೊಡನೆ ತಾಳೆ ನೋಡತಕ್ಕದ್ದು.