ಸಂಜೆಯೊಳಗೆ ಸಲ್ಲಬೇಕಾದ ಕೂಲಿ

ದೀಪಾವಳಿ ಕಳೆಯಿತೆಂದರೆ ರಾಯಬಾಗ ತಾಲೂಕಿನ ನಮ್ಮ ಪಾಲಬಾವಿಯ ಸುತ್ತಲಿನ ರಸ್ತೆಗಳೆಲ್ಲ ಕಬ್ಬಿನ ರಸ್ತೆಗಳಾಗಿಬಿಡುತ್ತವೆ. ಎರಡೆರಡು ಟ್ರೇಲರುಗಳನ್ನು ಎಳೆಯುತ್ತ, ಧ್ವನಿವರ್ಧಕದಲ್ಲಿ ಹಾಡು ಮೊಳಗಿಸುತ್ತ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಕಾರ್ಖಾನೆಗಳ ದಾರಿ ಹಿಡಿಯುತ್ತವೆ. ಆ ಹೇರಿನ ಮೇಲೆ ಕೇವಲ ಕಬ್ಬು ಇರುವುದಿಲ್ಲ. ಮಗಳ ಮದುವೆಯಿದೆ, ಮಗನ ಕಾಲೇಜಿನ ಶುಲ್ಕವಿದೆ, ಸೊಸೈಟಿಯ ಸಾಲವಿದೆ, ಕಿರಾಣಿ ಅಂಗಡಿಯ ಉದ್ರಿಯಿದೆ. ಕಬ್ಬು ಒಂದು ವಿಚಿತ್ರ ಬೆಳೆ. ಅದಕ್ಕೆ ದುಡಿಮೆ ವರ್ಷವಿಡೀ ಬೇಕು. ಅದು ಕೊಡುವ ಹಣ ಮಾತ್ರ ವರ್ಷಕ್ಕೊಮ್ಮೆ, ಅದೂ ಬಂದಾಗ ಬಂದಂತೆ.

ಕಾನೂನು ಹೀಗಿರಬೇಕೆಂದು ಹೇಳುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಾರ್ಖಾನೆಗೆ ಸೇರಿದ 14 ದಿನಗಳೊಳಗೆ ರೈತನಿಗೆ ಹಣ ಸಂದಾಯವಾಗಬೇಕು. ತಡವಾದರೆ ಆ ತಡಕ್ಕೆ ವರ್ಷಕ್ಕೆ ಶೇಕಡ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಈ ಬಡ್ಡಿಯ ಮಾತು ನಮ್ಮಲ್ಲಿ ಎಷ್ಟು ರೈತರಿಗೆ ಗೊತ್ತಿದೆಯೋ, ಗೊತ್ತಿದ್ದವರಲ್ಲಿ ಎಷ್ಟು ಮಂದಿಗೆ ಅದು ಕೈಸೇರಿದೆಯೋ, ಆ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಲಿ. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿ ನಡೆದ ಕಬ್ಬು ಬೆಳೆಗಾರರ ಹೋರಾಟದ ವೇಳೆ ನಮ್ಮ ತಾಲೂಕಿನ ರೈತರೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಇಲ್ಲಿಂದ ಹೆಚ್ಚು ದೂರವಿಲ್ಲದ ಗುರ್ಲಾಪುರ ಕ್ರಾಸಿನಲ್ಲಿ 2025ರ ನವೆಂಬರ್ ಮೊದಲ ವಾರ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲೇ ಕುಳಿತರು. ಕಡೆಗೆ ಸರ್ಕಾರ ನಡುವೆ ಬಂದು 3,300 ರೂಪಾಯಿಯ ಮಾತಾಯಿತು. ಬೆಲೆಯ ನ್ಯಾಯ ಒಂದು ಕಡೆ. ಆ ಬೆಲೆ ಎಂದು ಕೈಸೇರುತ್ತದೆ ಎಂಬ ನ್ಯಾಯ ಇನ್ನೊಂದು ಕಡೆ. ಸಂಸಾರ ನಡೆಸಿದವರಿಗೆ ಎರಡನೆಯದು ಮೊದಲನೆಯದಕ್ಕಿಂತ ಚಿಕ್ಕದೆಂದು ಹೇಳಬೇಕಾಗಿಲ್ಲ.

ಇಲ್ಲಿಯವರೆಗೆ ನಾವು ನೊಂದವರು, ಮೊರೆಯಿಡುವವರು. ಆದರೆ ಈ ಅಂಕಣದಲ್ಲಿ ನಾನು ಎತ್ತಬೇಕೆಂದಿರುವ ಪ್ರಶ್ನೆ ಬೇರೆ. ಕಾಯುತ್ತಿರುವ ನಮಗಾಗಿ ಇನ್ನಾರಾದರೂ ಕಾಯುತ್ತಿದ್ದಾರೆಯೇ?

ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ನಾಲ್ಕು ಎಕರೆಯ ಕುಳೆ ಕಬ್ಬಿಗೆ ಕಳೆ ತೆಗೆಯಲು ಆರು ಮಂದಿ ಹೆಣ್ಣುಮಕ್ಕಳು ಬಂದಿದ್ದರು. ಒಂಬತ್ತು ದಿನಗಳ ಕೆಲಸ. ಹಿಂದಿನ ಹಂಗಾಮಿನ ಬಿಲ್ಲು ಬಂದಿರಲಿಲ್ಲವಾದ್ದರಿಂದ, ಬಿಲ್ಲು ಬಂದೊಡನೆ ಕೊಡುವುದಾಗಿ ಅವರಿಗೆ ಹೇಳಿದೆ. ನನಗೆ ಅದು ಸಹಜವಾಗಿಯೇ ತೋರಿತು. ಊರಿನಲ್ಲಿ ಎಲ್ಲರೂ ಹೇಳುವ ಮಾತೇ ಅದು. ಐದು ವಾರ ಕಳೆದವು. ಆ ಐದು ವಾರಗಳಲ್ಲಿ ನಮ್ಮ ಮನೆಯಲ್ಲಿ ಒಂದು ಹೊತ್ತಿನ ಊಟವೂ ತಪ್ಪಲಿಲ್ಲ, ಭಾನುವಾರದ ಕಾಣಿಕೆಯೂ ತಪ್ಪಲಿಲ್ಲ. ಒಂದು ದಿನ ಅವರಲ್ಲಿ ಹಿರಿಯಳಾದವಳು ಬಾಗಿಲಿಗೆ ಬಂದು ನಿಂತಳು. ಜಗಳವಾಡಲಿಲ್ಲ. "ಅಣ್ಣಾರ, ನಿಮ್ಮ ಬಿಲ್ಲ ಬಂದಾಗ ಕೊಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಬಿಲ್ಲ ಬರೂ ತನಕಾ ನಮ್ಮ ಒಲಿ ಆರಿಸಿ ಇಡಾಕ ಬರಂಗಿಲ್ಲರಿ" ಎಂದಳು. ವಿಚಾರಿಸಿದಾಗ ತಿಳಿಯಿತು: ನನ್ನಿಂದ ಬರಬೇಕಾದ ಹಣವನ್ನು ನೆಚ್ಚಿ ಆಕೆ ಕೈಗಡ ತಂದಿದ್ದಳು, ಅದಕ್ಕೆ ವಾರದ ಬಡ್ಡಿ ಕಟ್ಟುತ್ತಿದ್ದಳು. ಅಂದರೆ ನನ್ನ ಸಾಲದ ಬಡ್ಡಿಯನ್ನು ಆಕೆ ತೆರುತ್ತಿದ್ದಳು. ಕಾರ್ಖಾನೆಯವರು ನನಗೆ ಮಾಡಿದ್ದನ್ನೇ ನಾನು ಆಕೆಗೆ ಮಾಡಿದ್ದೆ. ಕಾರ್ಖಾನೆಯನ್ನು ಬೈಯಲು ನನಗೆ ಸಂಘಟನೆಯಿತ್ತು, ರಸ್ತೆಯಿತ್ತು, ಪತ್ರಿಕೆಯಿತ್ತು. ಆಕೆಗೆ ಇದ್ದದ್ದು ನಮ್ಮ ಮನೆಯ ಹೊಸ್ತಿಲೊಂದೇ.

ಪವಿತ್ರ ಗ್ರಂಥವು ಈ ವಿಷಯದಲ್ಲಿ ತೀರ ಸ್ಪಷ್ಟವಾಗಿದೆ. ಬಡವನಾದ ಕೂಲಿಯಾಳಿನ ಕೂಲಿಯನ್ನು ಅಂದಿನ ದಿನವೇ, ಸೂರ್ಯ ಮುಳುಗುವ ಮುನ್ನವೇ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಆತನ ಜೀವ ಆ ಕೂಲಿಯ ಮೇಲೆಯೇ ನಿಂತಿದೆ ಎಂಬ ಕಾರಣವನ್ನೂ ಕೊಡುತ್ತದೆ. ಆ ಕೂಲಿಯಾಳು ಸ್ವಜನನೇ ಆಗಿರಲಿ, ಪರದೇಶದಿಂದ ಬಂದು ನೆಲೆಸಿದವನೇ ಆಗಿರಲಿ, ನಿಯಮ ಒಂದೇ. ಸಂತ ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. ಕಡೆಯ ಗಂಟೆಯಲ್ಲಿ ಬಂದವನಿಗೂ ಪೂರ್ಣ ಕೂಲಿ ದೊರೆತ ಔದಾರ್ಯವನ್ನು ಪ್ರಬೋಧನೆಗಳಲ್ಲಿ ವಿವರಿಸುತ್ತಾರೆ, ಅದು ಸರಿಯೇ. ಆದರೆ ಆ ಯಜಮಾನನು ಸಂಜೆಯಾಗುತ್ತಲೇ ಮೇಸ್ತ್ರಿಯನ್ನು ಕರೆದು ಕೂಲಿ ಹಂಚಿಸಿದ ಎಂಬ ಸಣ್ಣ ಮಾತನ್ನು ನಾವು ದಾಟಿಹೋಗುತ್ತೇವೆ. ಔದಾರ್ಯಕ್ಕೂ ಮೊದಲು ಆತನು ಧರ್ಮಶಾಸ್ತ್ರವನ್ನು ಪಾಲಿಸಿದ್ದ. ದ್ರಾಕ್ಷಿ ಮಾರಾಟವಾಗಲಿ, ಆಮೇಲೆ ನೋಡೋಣ ಎನ್ನಲಿಲ್ಲ.

ಹಿರಿಯರು ಬಾಯಿಪಾಠ ಮಾಡಿದ್ದ ಹಳೆಯ ಧರ್ಮೋಪದೇಶದಲ್ಲಿ, ದೇವರ ಸನ್ನಿಧಿಗೆ ಮೊರೆಯಿಡುವ ಪಾಪಗಳೆಂದು ನಾಲ್ಕನ್ನು ಎಣಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ಕೊಲೆಯಿಂದ ಆರಂಭವಾಗುವ ಆ ಪಟ್ಟಿಯಲ್ಲಿ ಕೂಲಿಯಾಳಿಗೆ ಕೂಲಿ ತಪ್ಪಿಸುವುದೂ ಒಂದು. ಚಿಕ್ಕವನಿದ್ದಾಗ ನನಗೆ ಇದು ಅಸಂಗತವಾಗಿ ಕಾಣುತ್ತಿತ್ತು. ಕೊಲೆಯೆಲ್ಲಿ, ನಾಲ್ಕು ಕಾಸು ತಡವಾಗುವುದೆಲ್ಲಿ ಎನಿಸುತ್ತಿತ್ತು. ಸಂತ ಯಕೋಬನ ಪತ್ರದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗುತ್ತಿದೆ ಎಂಬ ಮಾತು ಬರುತ್ತದೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಹೊರಡಿಸಿದ 'ರೇರುಂ ನೊವಾರುಂ' ವಿಶ್ವಪತ್ರವು ದುಡಿಮೆಗಾರರ ನ್ಯಾಯವನ್ನು ಕುರಿತು ಹೇಳುವಾಗ ಇದೇ ಯಕೋಬನ ಮಾತಿಗೆ ಮರಳುತ್ತದೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಆ ಹೆಸರನ್ನೇ ಆರಿಸಿಕೊಂಡುದಕ್ಕೆ ಈ ವಿಶ್ವಪತ್ರವೂ ಒಂದು ಕಾರಣವೆಂದು ಸ್ವತಃ ತಿಳಿಸಿದ್ದಾರೆ.

ಹಣವೆಂದರೇನು ಎಂಬುದನ್ನು ಯೇಸುಸ್ವಾಮಿಯ ಕಾಲದ ಲೆಕ್ಕವೇ ಚೆನ್ನಾಗಿ ತಿಳಿಸುತ್ತದೆ. ಅಂದಿನ ಒಂದು ದೆನಾರಿ ನಾಣ್ಯ ಒಬ್ಬ ಆಳಿನ ಒಂದು ದಿನದ ಕೂಲಿ. ಒಂದು ತಲೆಂತೆಂದರೆ ಸುಮಾರು 6,000 ದೆನಾರಿ. ವರ್ಷಕ್ಕೆ 300 ದಿನ ದುಡಿದರೂ ಅದು 20 ವರ್ಷಗಳ ದುಡಿಮೆ. ಒಂದೇ ತಲೆಂತು ಪಡೆದ ಸೇವಕನು ನೆಲದಲ್ಲಿ ಹೂತಿಟ್ಟದ್ದು ಒಂದು ಲೋಹದ ಗಟ್ಟಿಯನ್ನಲ್ಲ. ಒಬ್ಬ ಮನುಷ್ಯನ 20 ವರ್ಷಗಳ ಬೆವರನ್ನು. ನಮ್ಮ ಕಪಾಟಿನಲ್ಲಿ, ಬ್ಯಾಂಕಿನ ಖಾತೆಯಲ್ಲಿ ಇರುವುದೂ ಅದೇ: ಯಾರದೋ ದಿನಗಳು. ಕೆಲವು ನಮ್ಮ ದಿನಗಳು, ಕೆಲವು ಇನ್ನೊಬ್ಬರ ದಿನಗಳು. ಇವುಗಳನ್ನು ಬೇರ್ಪಡಿಸಿ ನೋಡಬಲ್ಲವನೇ ಜಾಣ ಮೇಲ್ವಿಚಾರಕ. ಮಿಕ್ಕ ಉಳಿತಾಯ, ಬಡ್ಡಿ, ಹೂಡಿಕೆ ಎಂಬ ಮಾತುಗಳೆಲ್ಲ ಆಮೇಲಿನವು.

ಇನ್ನು ಕಬ್ಬು ಕಡಿಯುವವರ ಮಾತು. ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ ಮುಂತಾದ ಜಿಲ್ಲೆಗಳಿಂದಲೂ ನಮ್ಮ ನಾಡಿನ ಒಣಭೂಮಿಯ ತಾಲೂಕುಗಳಿಂದಲೂ ಗ್ಯಾಂಗುಗಳು ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಳ್ಳುತ್ತವೆ. ಗಂಡಹೆಂಡಿರ ಒಂದು ಜೋಡಿಗೆ ಅವರ ಲೆಕ್ಕದಲ್ಲಿ 'ಕೊಯತಾ' ಎಂದು ಹೆಸರು. ಕೊಯತಾ ಎಂದರೆ ಕಬ್ಬು ಕಡಿಯುವ ಕತ್ತಿ. ಎರಡು ಜೀವಗಳನ್ನು ಒಂದು ಕತ್ತಿಯೆಂದು ಎಣಿಸುವ ಈ ಲೆಕ್ಕದಲ್ಲಿ ಹೆಂಡತಿಯ ಕೂಲಿ ಬೇರೆಯಾಗಿ ಎಲ್ಲಿಯೂ ಬರೆಯಲ್ಪಡುವುದಿಲ್ಲ. ಇವರ ಕಥೆ ಕೂಲಿ ತಡವಾಗುವ ಕಥೆಯಲ್ಲ, ತಿರುವುಮುರುವಾದದ್ದು. ಮುಕಾದಮನ ಕೈಯಿಂದ ಹಣ ಮೊದಲೇ ಮುಂಗಡವಾಗಿ ಬಂದಿರುತ್ತದೆ, ಮಳೆಗಾಲದಲ್ಲಿಯೇ ಖರ್ಚಾಗಿರುತ್ತದೆ, ಆಮೇಲೆ ಆರು ತಿಂಗಳು ದುಡಿದು ಅದನ್ನು ತೀರಿಸಬೇಕು. ಕಾಯಿಲೆ ಬಿದ್ದ ದಿನದ ಲೆಕ್ಕ ಸಾಲಕ್ಕೆ ಸೇರುತ್ತದೆ. ಮುಂದಾಗಿ ಬಂದ ಹಣವೂ ಮನುಷ್ಯನನ್ನು ಕಟ್ಟಿಹಾಕಬಲ್ಲದು. ಈ ವ್ಯವಸ್ಥೆಯನ್ನು ಒಬ್ಬ ರೈತ ಬದಲಿಸಲಾರ, ನಿಜ. ಆದರೆ ನಮ್ಮ ಹೊಲದ ಬದಿಯ ಗುಡಿಸಲಿಗೆ ಕುಡಿಯುವ ನೀರು ಬಿಡುವುದಕ್ಕೆ, ಅಲ್ಲಿನ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದಕ್ಕೆ ಯಾವ ಮುಕಾದಮನೂ ಅಡ್ಡ ಬರುವುದಿಲ್ಲ.

ಇಷ್ಟೆಲ್ಲ ಸರಿ, ಕೈಯಲ್ಲಿ ಹಣವಿಲ್ಲದಾಗ ಸಂಜೆಯೊಳಗೆ ಕೂಲಿ ಎಲ್ಲಿಂದ ತರುವುದು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೇವಲ ಒಳ್ಳೆಯ ಮನಸ್ಸಿನಿಂದ ಇದು ಬಗೆಹರಿಯುವುದಿಲ್ಲ. ಹಣ ಬರುವ ದಿನಕ್ಕೂ ಕೊಡಬೇಕಾದ ದಿನಕ್ಕೂ ನಡುವೆ ಒಂದು ಸೇತುವೆ ಬೇಕು. ಆ ಸೇತುವೆಗೆ ಸಹಕಾರವೆಂದು ಹೆಸರು. ಜರ್ಮನಿಯ ರೈನ್ ಪ್ರಾಂತ್ಯದ ಹಳ್ಳಿಗಳ ಆಡಳಿತಾಧಿಕಾರಿಯಾಗಿದ್ದ ಪ್ರಾಟೆಸ್ಟಂಟ್ ಭಕ್ತ ರೈಫೈಸನ್ ಅವರು 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ರೈತರ ಸಾಲದ ಸಂಘವೊಂದನ್ನು ಕಟ್ಟಿದರು. ಹಳ್ಳಿಯವರಿಗೆ ಪರಸ್ಪರರ ನಡತೆ ಗೊತ್ತು, ಆದ್ದರಿಂದ ನಡತೆಯೇ ಅಡವು ಎಂಬುದು ಅವರ ತತ್ತ್ವ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲೆವಿ ಎಂಬ ಊರಿನಲ್ಲಿ 1900ರಲ್ಲಿ ಕಥೋಲಿಕ ಗೃಹಸ್ಥ ಅಲ್ಫೋನ್ಸ್ ದೆಜಾರ್ದೆ ಅವರು ಅದೇ ಮಾದರಿಯನ್ನು ಧರ್ಮಕೇಂದ್ರಗಳ ನೆಲೆಯ ಮೇಲೆ ಬೆಳೆಸಿದರು. ಎಷ್ಟೋ ಊರುಗಳಲ್ಲಿ ಗುರುಗಳೇ ಮುಂದೆ ನಿಂತು ಲೆಕ್ಕ ಬರೆದರು. ದೂರದ ಮಾತೇಕೆ? ನಮ್ಮದೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸ್ಥಾಪಿಸಿದ ಸಂಘ ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾಗಿದೆ. ಅದಾದ ಏಳು ವರ್ಷಕ್ಕೆ, 1912ರಲ್ಲಿ, ಮಂಗಳೂರಿನ ಕಥೋಲಿಕರು ತಮ್ಮ ಸಹಕಾರಿ ಬ್ಯಾಂಕನ್ನು ತೆರೆದರು, ಇಂದಿನ ಎಂ.ಸಿ.ಸಿ. ಬ್ಯಾಂಕು ಅದೇ.

ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1953ರಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಈ ಸೀಮೆಯಲ್ಲಿ ನಮ್ಮ ಕಥೋಲಿಕ ಕುಟುಂಬಗಳ ಸಂಖ್ಯೆ ದೊಡ್ಡದೇನಲ್ಲ. ಪ್ರತ್ಯೇಕ ಬ್ಯಾಂಕು ಕಟ್ಟುವ ಕನಸು ಬೇಡ. ಊರಿನ ಪತ್ತಿನ ಸಂಘ ಎಲ್ಲ ಜಾತಿಯವರದು, ನಮ್ಮದೂ ಹೌದು. ಅದರ ವಾರ್ಷಿಕ ಸಭೆಗೆ ಹೋಗಿ ಲೆಕ್ಕ ಕೇಳುವುದು, ಪಡೆದ ಬೆಳೆಸಾಲವನ್ನು ಬೆಳೆಗೇ ವಿನಿಯೋಗಿಸುವುದು ಭಾನುವಾರದ ಪೂಜೆಗೆ ಹೋಗುವಷ್ಟು ಪುಣ್ಯದ ಕೆಲಸವೆಂದು ಹೇಳಿದರೆ ಗುರುಗಳು ಒಪ್ಪಲಿಕ್ಕಿಲ್ಲ. ಆದರೂ ಪೂಜೆಯಿಂದ ಬಂದವನು ಮಾಡಬೇಕಾದ ಕೆಲಸ ಅದೆಂಬುದನ್ನು ಒಪ್ಪಿಯಾರು. ಬೆಳೆಸಾಲದಲ್ಲಿ ಮಂಟಪ ಹಾಕಿಸಿ, ಊರಿಗೆಲ್ಲ ಊಟ ಬಡಿಸಿ, ಆಮೇಲೆ ಕಳೆ ತೆಗೆದವಳಿಗೆ ಬಿಲ್ಲು ಬರಲಿ ಎನ್ನುವುದನ್ನು ನಾನು ಕಂಡಿದ್ದೇನೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂಬ ಸಂತ ಲೂಕನ ಶುಭಸಂದೇಶದ ಮಾತು ಮದುವೆಯ ಮಂಟಪಕ್ಕೂ ಅನ್ವಯಿಸುತ್ತದೆ.

ನಮ್ಮ ಸಂಸ್ಥೆಗಳ ವಿಷಯದಲ್ಲಿಯೂ ಒಂದು ಮಾತು ಹೇಳದಿದ್ದರೆ ಈ ಲೇಖನ ಏಕಪಕ್ಷೀಯವಾದೀತು. ದೇವಾಲಯದ ಗಂಟೆ ಬಾರಿಸುವವರು, ಅಡುಗೆಯವರು, ಶಾಲೆಯ ಆಯಾ, ವಾಹನದ ಚಾಲಕರು, ಇವರ ಪಗಾರ ಯಾವ ತಾರೀಖಿಗೆ ಆಗುತ್ತದೆ ಎಂದು ಧರ್ಮಕೇಂದ್ರದ ಹಣಕಾಸು ಸಮಿತಿಗಳು ಆಗಾಗ ವಿಚಾರಿಸುವುದು ಒಳ್ಳೆಯದು. ಸೇವೆಯೆಂಬ ಪವಿತ್ರ ಪದ ಪಗಾರವನ್ನು ಮುಂದೂಡುವುದಕ್ಕೆ ನೆಪವಾಗಬಾರದು. 2019ರಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯು ದಿನಗೂಲಿಯವರಿಗೆ ಪಾಳಿ ಮುಗಿಯುತ್ತಲೇ, ವಾರದ ಲೆಕ್ಕದವರಿಗೆ ವಾರದ ಕಡೆಯ ಕೆಲಸದ ದಿನವೇ ಕೂಲಿ ಸಲ್ಲಬೇಕೆನ್ನುತ್ತದೆ. ಧರ್ಮೋಪದೇಶಕಾಂಡ ಅಷ್ಟು ಹಿಂದೆಯೇ ಹೇಳಿದ್ದ ಸೂರ್ಯಾಸ್ತದ ನಿಯಮಕ್ಕೆ ನಮ್ಮ ಸಂಸತ್ತು ಈಗ ಬಂದು ಸೇರಿದೆ.

ನನ್ನ ಮನೆಯ ಮಟ್ಟಿಗೆ ಮಾಡಿಕೊಂಡ ಏರ್ಪಾಡು ಬಹಳ ಸರಳವಾದದ್ದು. ಬಿಲ್ಲು ಬಂದ ದಿನ ನಾನೂ ನನ್ನ ಮನೆಯವರೂ ಕುಳಿತು, ಮುಂದಿನ ವರ್ಷದ ಕಳೆ, ನೀರು ಹಾಯಿಸುವುದು, ಗೊಬ್ಬರ ಹಾಕುವುದು, ಇವುಗಳ ಕೂಲಿಯನ್ನು ಅಂದಾಜು ಮಾಡಿ ಆ ಮೊತ್ತವನ್ನು ಸಂಘದಲ್ಲಿ ಬೇರೊಂದು ಖಾತೆಗೆ ಹಾಕುತ್ತೇವೆ. ಖಾತೆ ನನ್ನ ಹೆಂಡತಿಯ ಹೆಸರಿನಲ್ಲಿದೆ; ನನ್ನ ಹೆಸರಿನಲ್ಲಿದ್ದರೆ ಅದು ಹೇಗೆ ಕರಗುತ್ತದೆಂಬುದು ಆಕೆಗೆ ಚೆನ್ನಾಗಿ ಗೊತ್ತು. ಮೊದಲ ವರ್ಷ ಅಂದಾಜು ತಪ್ಪಿ ಆಗಸ್ಟ್ ತಿಂಗಳಿಗೇ ಖಾತೆ ಬರಿದಾಯಿತು. ಎಮ್ಮೆಯ ಹಾಲಿನ ಹಣದಿಂದ ಸರಿದೂಗಿಸಿದೆವು. ಈಗ ಅಷ್ಟು ತಪ್ಪುವುದಿಲ್ಲ.

ಮೇ 1ರಂದು ಕಾರ್ಮಿಕನಾದ ಸಂತ ಜೋಸೆಫರ ಹಬ್ಬ. ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಇದನ್ನು 1955ರಲ್ಲಿ ಆರಂಭಿಸಿದರು. ನಮ್ಮಲ್ಲಿ ಅಷ್ಟರೊಳಗೆ ಹಂಗಾಮು ಮುಗಿದು, ಗ್ಯಾಂಗುಗಳು ಊರಿಗೆ ಮರಳಿ, ಹೊಲಗಳಲ್ಲಿ ಕುಳೆ ಚಿಗುರುತ್ತಿರುತ್ತದೆ. ಹಿಂದಿನ ವರ್ಷದ ಆ ಹಬ್ಬದ ವಾರ ಕಾರ್ಖಾನೆಯಿಂದ ನಮಗಿನ್ನೂ ಬಿಲ್ಲು ಬಂದಿರಲಿಲ್ಲ. ಶನಿವಾರ ಸಂಜೆ ಅದೇ ಹಿರಿಯ ಹೆಣ್ಣುಮಗಳು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕುಳಿತು ಆರು ಮಂದಿಯ ಹಣವನ್ನು ಎರಡು ಸಲ ಎಣಿಸಿದಳು. ಹತ್ತು ರೂಪಾಯಿ ಹೆಚ್ಚು ಬಂದಿತ್ತು. ಅದನ್ನು ಮರಳಿ ಕೊಟ್ಟು, ನಾಳೆಯ ಸಂತೆಗೆ ಹೊತ್ತಾಯಿತೆಂದು ಎದ್ದು ಹೋದಳು.